ಮಿಲ್ಟ್ರಿ ಪುಟ್ಟಸ್ವಾಮಿಯ ಮಣ್ಣಿನ ದಿನ

"ಎಡಕ್ಕೆ ಎಳಿಲಾ! ಟ್ಯಾಂಕಿನ ಮೂತಿ ಮಡ್ಚ್ಕತಾ ಅದೆ ನೋಡು!"

ಕೆಳಗೆ ನಿಂತು ಕೂಗುತ್ತಿದ್ದವನು ಗ್ರಾಮ ಪಂಚಾಯಿತಿ ಮೆಂಬರ್ ಅಪ್ಪು. ಏಣಿಯ ಮೇಲಿದ್ದವನು ಎಡಕ್ಕೆ ಎಳೆದ. ಕರೆಂಟು ಕಂಬಗಳ ನಡುವೆ ಫ್ಲೆಕ್ಸ್ ಬಿಗಿಯಾಯಿತು. ಮಳವಳ್ಳಿಯಿಂದ ಮೊದಲ ಬಸ್ಸು ಹಿಡಿದು ಬಂದು ಚಿಕ್ಕರಸಿನಕೆರೆಯಲ್ಲಿ ಇಳಿದ ವೀಣ ಬ್ಯಾಗನ್ನು ಹೆಗಲಿಗೇರಿಸಿಕೊಳ್ಳುವುದನ್ನೂ ಮರೆತು ತಲೆಯೆತ್ತಿ ನಿಂತಳು.

ಫ್ಲೆಕ್ಸಿನಲ್ಲಿ ಅವಳ ಅಪ್ಪ ಇದ್ದರು. ಅಂದರೆ ಕತ್ತಿನಿಂದ ಮೇಲೆ ಇದ್ದರು. ಆಧಾರ್ ಕಾರ್ಡಿನ ಫೋಟೊದಲ್ಲಿ ಬೆಚ್ಚಿದಂತೆ ನೋಡುವ ಆ ಮುಖವನ್ನು ಕತ್ತರಿಸಿ ಯಾರದೋ ಅಗಲವಾದ ಎದೆಯ ಮೇಲೆ ಕೂರಿಸಿದ್ದರು. ಎದೆಯ ತುಂಬ ಪದಕ. ಹಿಂದೆ ಬೆಂಕಿ ಉಗುಳುವ ಟ್ಯಾಂಕು. 'ವೀರಯೋಧ ಮಿಲ್ಟ್ರಿ ಪುಟ್ಟಸ್ವಾಮಿಯವರಿಗೆ ಭಾವಪೂರ್ಣ ಶ್ರದ್ಧಾಂಜಲಿ' ಎಂಬ ಅಕ್ಷರಗಳ ಕೆಳಗೆ ಅಪ್ಪುವಿನದೂ ಅವನ ಗೆಳೆಯರದೂ ಸೇರಿ ಹದಿನಾಲ್ಕು ಮುಖಗಳು. ಆ ಟ್ಯಾಂಕು ನಮ್ಮ ಸೈನ್ಯದ್ದಲ್ಲ ಎಂದು ವೀಣಳಿಗೆ ನೋಡಿದ ಕೂಡಲೇ ಗೊತ್ತಾಯಿತು. ಗಾಲಿ ಎಣಿಸಿ ಟ್ಯಾಂಕಿನ ಜಾತಿ ಗುರುತಿಸುವುದನ್ನು ಅಪ್ಪನೇ ಹೇಳಿಕೊಟ್ಟಿದ್ದರು.

"ಅಕ್ಕಾ, ಬಂದ್ರಾ," ಅಪ್ಪು ಹತ್ತಿರ ಬಂದು ದನಿ ತಗ್ಗಿಸಿದ. "ಇಸ್ಯ ಗೊತ್ತಾದೇಟ್ಗೆ ಮದ್ದೂರ್ಗೆ ಓಗಿ ಫ್ಲೆಕ್ಸ್ ಅಂಗ್ಡಿಯೋನ್ನ ಎಬ್ಬುಸಿ ಮಾಡ್ಸುದೊ. ಎಂಗದೆ?"

"ಎದೆ ದೊಡ್ಡದಾಯ್ತು ಕಣೋ."

"ಮಿಲ್ಟ್ರಿಯೋರಲ್ವಾ ಅಕ್ಕ, ಇರ್ಬೇಕು." ಅವನಿಗೆ ಅದು ಮೆಚ್ಚುಗೆಯಂತೆಯೇ ಕೇಳಿಸಿತು. "ಕೆಂಪಸಿದ್ದಯ್ಯನೋರ್ಗೂ ಫೋನ್ ಮಾಡಿವ್ನಿ. ಮಾಜಿ ಸೈನಿಕರ ಸಂಘದೋರು ಅನ್ನೊಂದು ಗಂಟ್ಗೆ ಬತ್ತಾವ್ರೆ. ಊವಿನ ಚಕ್ರ ಇಕ್ಕಿ, ಸಾಲಾಗಿ ನಿಂತ್ಕಂಡು ಸೆಲ್ಯೂಟ್ ಒಡೀತಾರಂತೆ. ನಮ್ಮೂರಲ್ಲಿ ಇಂಥಾ ಮಣ್ಣು ಯಾರ್ಗೂ ಆಗಿಲ್ಲ ಬುಡಿ."

ವೀಣ ಮೊಬೈಲು ತೆಗೆದು ಹೊತ್ತು ನೋಡಿದಳು. ಎಂಟೂಕಾಲು. ಅಪ್ಪನಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಮೂರು ಗಂಟೆ ಕೂಡ ಇರಲಿಲ್ಲ.

*

ಇಪ್ಪತ್ತು ದಿನದ ಹಿಂದೆ ಪುಟ್ಟಸ್ವಾಮಿ ಮಂಡ್ಯದ ಆಸ್ಪತ್ರೆಯಲ್ಲಿದ್ದರು. ಮಗ ರಘುನಂದನ್ ಊಟ ತರಲು ಗುತ್ತಲಿನ ನೆಂಟರ ಮನೆಗೆ ಹೋಗಿದ್ದ. ಅವನು ಹೊರಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಅವರು ಮಗಳನ್ನು ಕರೆದರು.

"ವೀಣವ್ವ, ಬಾಗ್ಲು ಹಾಕು."

"ಇದು ಜನರಲ್ ವಾರ್ಡು ಕಣಪ್ಪ. ಬಾಗ್ಲೇ ಇಲ್ಲ."

"ಅಂಗಾರೆ ಅತ್ರ ಬಾ." ಅವರು ಆಚೆ ಹಾಸಿಗೆಯ ಕಡೆ ಒಮ್ಮೆ ನೋಡಿದರು. "ನಾನ್ ಓದ್ರೆ ಕೆಂಪಸಿದ್ದಯ್ಯ ಬತ್ತಾನೆ. ಬಂದು ಸೆಲ್ಯೂಟ್ ಒಡೀತಾನೆ. ಒಡ್ಯಕೆ ಬುಡ್ಬ್ಯಾಡ. ಅದು ನಂದಲ್ಲ."

"ನೀನೇ ಹೇಳ್ಬಿಡಪ್ಪ. ಈ ವಯಸ್ಸಲ್ಲಿ ನಿನ್ನ ಯಾರು ಬಯ್ತಾರೆ?"

"ಐವತ್ತು ವರ್ಸದಿಂದ ಯೇಳ್ಬೇಕು ಅಂತ್ಲೇ ಇವ್ನಿ. ಬಾಯಿ ಬರಕಿಲ್ಲ. ನೀನು ಇಸ್ಕೂಲ್ ಮೇಡಮ್ಮು. ಜನ್ರ ಮುಂದೆ ನಿಂತ್ಕಂಡು ಮಾತಾಡದು ನಿಂಗೆ ಅಭ್ಯಾಸ." ಇಷ್ಟು ಹೇಳಿ ಉಸಿರು ತೆಗೆದುಕೊಂಡು, "ಬದ್ಕಿರೋಗಂಟ ನಾಚ್ಕಂಡಿದ್ದು ಸಾಕು. ಮಣ್ಣೊಳಗಾದ್ರೂ ನೆಮ್ಮದಿಯಾಗಿ ಮನಿಕತೀನಿ," ಎಂದರು.

ವೀಣ ಆಗಲಿ ಎಂದಳು. ಅನ್ನದೆ ಇರಲು ಸಾಧ್ಯವೂ ಇರಲಿಲ್ಲ.

ವಿಷಯ ಇಷ್ಟೇ. ಪುಟ್ಟಸ್ವಾಮಿ ಸೈನಿಕರಾಗಿರಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಸೈನ್ಯಕ್ಕೆ ಸೇರುತ್ತೇನೆಂದು ಊರಿಗೆಲ್ಲ ಹೇಳಿ ಹೊರಟವರಿಗೆ ಎದೆಯ ಅಳತೆ ಒಂದಿಂಚು ಸಾಲಲಿಲ್ಲ. ಬರಿಗೈಯಲ್ಲಿ ವಾಪಸ್ಸು ಬರಲು ಮನಸ್ಸಾಗದೆ, ಮದ್ದೂರಿನವರೊಬ್ಬರ ಬೆನ್ನು ಹಿಡಿದು ಮಹಾರಾಷ್ಟ್ರದ ಕಡೆ ಹೋಗಿ, ಸೈನ್ಯದ ವರ್ಕ್‌ಶಾಪೊಂದರಲ್ಲಿ ಬಣ್ಣ ಹೊಡೆಯುವ ಕೆಲಸಕ್ಕೆ ಸೇರಿದರು. ಎಷ್ಟೋ ವರ್ಷದ ಮೇಲೆ ಅದರ ಪಕ್ಕದಲ್ಲೇ ಹಳೆಯ ಟ್ಯಾಂಕುಗಳ ಮ್ಯೂಸಿಯಂ ಆಯಿತು. ಅವರನ್ನು ಅಲ್ಲಿಗೆ ಹಾಕಿದರು. ರಿಟೈರ್ ಆಗುವವರೆಗೂ ಅಲ್ಲೇ ಇದ್ದರು.

ಕೆಲಸ ಸಿಕ್ಕಾಗ ಮನೆಗೆ ಬರೆದ ಕಾಗದದಲ್ಲಿ 'ಮಿಲ್ಟ್ರಿಯಲ್ಲಿ ಕೆಲಸವಾಯಿತು, ಟ್ಯಾಂಕುಗಳ ಜೊತೆ ಇದ್ದೇನೆ' ಎಂದಿತ್ತು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅವರ ಅಪ್ಪ ಅದನ್ನು ದೇವಸ್ಥಾನದ ಜಗುಲಿಯಲ್ಲಿ ಗಟ್ಟಿಯಾಗಿ ಓದಿಸಿ ಬೂಂದಿ ಹಂಚಿಬಿಟ್ಟ. ಮೊದಲ ರಜೆಗೆ ಬಂದ ಮಗ ಬಸ್ಸಿಳಿಯುವ ಹೊತ್ತಿಗೆ ತಮಟೆ, ಹಾರ ಎಲ್ಲ ಸಿದ್ಧವಾಗಿತ್ತು. ಕತ್ತಿಗೆ ಬಿದ್ದ ಹಾರ ತೆಗೆದು 'ನಾನು ಬಣ್ಣ ಹೊಡೆಯೋನು' ಎನ್ನಲು ಆ ಹುಡುಗನಿಗೆ ಆಗಲಿಲ್ಲ. ಅವತ್ತು ಆಗದ್ದು ಮುಂದೆ ಯಾವತ್ತೂ ಆಗಲಿಲ್ಲ. ರಿಟೈರ್ ಆಗಿ ಬಂದ ಮೇಲೆ ಆಗಸ್ಟ್ ಹದಿನೈದಕ್ಕೆ ಊರವರು ಅವರನ್ನು ಬಾವುಟ ಏರಿಸುವ ಶಿವಪುರದ ಸತ್ಯಾಗ್ರಹ ಸೌಧಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅವರು ಕೊನೆಯ ಸಾಲಿನಲ್ಲಿ ನಿಲ್ಲುತ್ತಿದ್ದರು. ಮೈಕು ಕೊಟ್ಟರೆ ಗಂಟಲು ಸರಿಯಿಲ್ಲ ಎನ್ನುತ್ತಿದ್ದರು. ಎಂಥ ದೊಡ್ಡ ಮನುಷ್ಯ, ಒಂದು ಚೂರೂ ಜಂಬವಿಲ್ಲ ಎಂದು ಊರು ಇನ್ನಷ್ಟು ಹೊಗಳುತ್ತಿತ್ತು. ಪಾಪ, ತಪ್ಪಿಸಿಕೊಳ್ಳಲು ಹೋದಷ್ಟೂ ಸಿಕ್ಕಿಹಾಕಿಕೊಂಡರು.

*

ಮನೆಯ ಮುಂದೆ ಚಪ್ಪರ ಎದ್ದಿತ್ತು. ಜಗುಲಿಯ ಮೇಲೆ ಪುಟ್ಟಸ್ವಾಮಿಯವರನ್ನು ಮಲಗಿಸಿ ತಲೆಯ ಹತ್ತಿರ ದೀಪ ಇಟ್ಟಿದ್ದರು. ಫ್ಲೆಕ್ಸಿನ ಎದೆ ನೋಡಿ ಬಂದ ಕಣ್ಣಿಗೆ ಅಪ್ಪ ಬಹಳ ಸಣ್ಣವರಾಗಿ ಕಂಡರು. ವೀಣ ಅವರ ಕೈ ಹಿಡಿದುಕೊಂಡು ಹೊಟ್ಟೆತುಂಬ ಅತ್ತಳು. ಪಕ್ಕದಲ್ಲಿ ಕೂತಿದ್ದ ಅಪ್ಪನ ತಂಗಿ ಪಟ್ಟಲಮ್ಮ, ಸೋದರಸೊಸೆ ಬಂದದ್ದನ್ನು ನೋಡಿ ದನಿ ಏರಿಸಿದಳು. ಆ ಕಡೆ ಸತ್ತವರನ್ನು ಹಾಡಿಕೊಂಡೇ ಅಳಬೇಕು. ಅದರಲ್ಲಿ ಪಟ್ಟಲಮ್ಮನನ್ನು ಮೀರಿಸಿದವರಿಲ್ಲ.

"ಟ್ಯಾಂಕು ಓಡ್ಸಿದ ನನ್ನಣ್ಣಯ್ಯ, ಗುಂಡಿಗೆ ಅಂಜದೋನೇ, ನನ್ನೊಬ್ಳ ಬುಟ್ಟು ಎತ್ಲಾಗ್ ಓಡ್ಸ್ಕಂಡು ಓದಿಯೋ..."

ಸುತ್ತ ಕೂತ ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು. ರಘು ಬಂದು ಅಕ್ಕನನ್ನು ತಬ್ಬಿಕೊಂಡ. ಸ್ವಂತ ಟ್ರ್ಯಾಕ್ಟರಿನಲ್ಲಿ ಫ್ಯಾಕ್ಟರಿಗೆ ಕಬ್ಬು ಹೊಡೆಯುವ ಆಳು, ಮೈ ಕೈ ಗಟ್ಟಿಯಾಗಿದ್ದ; ಮಗುವಿನ ಹಾಗೆ ಅತ್ತ.

"ಅಕ್ಕ, ನೋಡ್ದಾ? ಊರ್ಗೆ ಊರೇ ಬಂದದೆ. ಸೈನಿಕನ ಸಾವು ಅಂದ್ರೆ ಇಂಗಿರ್ಬೇಕು," ಎಂದ ಮೂಗು ಒರೆಸಿಕೊಳ್ಳುತ್ತ. ಹೇಳಬೇಕಾದದ್ದನ್ನು ವೀಣ ಆಮೇಲೆ ಹೇಳೋಣವೆಂದು ಬಿಟ್ಟಳು. ಒಂಬತ್ತಾಯಿತು. ಹತ್ತೂ ಆಯಿತು. ಮೇಡಮ್ಮಿನ ಅಭ್ಯಾಸ ಅವತ್ತು ಯಾವ ಕೆಲಸಕ್ಕೂ ಬರಲಿಲ್ಲ.

ಹತ್ತೂವರೆಗೆ ರಘುವಿನ ಫೋನು ಬಡಿದುಕೊಂಡಿತು. ಮಾತಾಡಿ ಮುಗಿಸಿದವನೇ ಒಳಗಿನ ಕೋಣೆಗೆ ನಡೆದ. ವೀಣ ಹಿಂದೆಯೇ ಹೋದಳು.

"ಕೆಂಪಸಿದ್ದಯ್ಯನೋರು. ಅಪ್ಪನ ಮಿಲ್ಟ್ರಿ ನಂಬ್ರು, ರೆಜಿಮೆಂಟಿನ ಎಸ್ರು ಬೇಕಂತೆ. ಅದ ಯೇಳಿ ಸೆಲ್ಯೂಟ್ ಒಡೀಬೇಕಂತೆ. ಅಪ್ಪ ಸಂಘಕ್ಕೆ ಸೇರ್ನೇ ಇಲ್ವಲ್ಲ, ಅವ್ರತ್ರ ಏನೂ ಇಲ್ಲ."

ಅವನು ಮಂಚದಡಿಯ ಕಬ್ಬಿಣದ ಟ್ರಂಕು ಎಳೆದು ಬೀಗ ತೆಗೆದ. ಮೇಲೆ ಸಭೆಗಳಲ್ಲಿ ಹೊದಿಸಿದ ಏಳು ಶಾಲುಗಳು. ಒಂದರ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ಅದರ ಕೆಳಗೆ ಪೆನ್ಷನ್ ಕಾಗದಗಳು. ರಘು ಪಿಯುಸಿವರೆಗೆ ಓದಿದವನು. ಇಂಗ್ಲಿಷು ಅಕ್ಷರಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದ. ಮತ್ತೆ ಮೊದಲಿಂದ ಓದಿದ.

"ಇದ್ಯಾರ್ದೋ ಬೇರೇರ್ದು ಬಂದ್ಬುಟ್ಟದೆ ಅಕ್ಕ. ಸಿವಿಲಿಯನ್ ಪೇಂಟರ್ ಅಂತ ಅದೆ."

"ಬೇರೆಯವರದ್ದಲ್ಲ ರಘು," ಎಂದಳು ವೀಣ. "ಅಪ್ಪಂದೇ."

*

ಹದಿಮೂರು ವರ್ಷದ ವೀಣ ಬೇಸಿಗೆ ರಜೆಗೆ ಅವ್ವ ದೇವಿರಮ್ಮನ ಜೊತೆ, ಆರು ವರ್ಷದ ರಘುವನ್ನೂ ಕರೆದುಕೊಂಡು, ಒಂದು ಹಗಲು ಒಂದು ರಾತ್ರಿ ರೈಲಿನಲ್ಲಿ ಕೂತು ಅಪ್ಪನಿದ್ದ ಊರಿಗೆ ಹೋಗಿದ್ದಳು. ಹೋದ ದಿನವೇ ರಘುವಿಗೆ ಜ್ವರ ಬಂದು ಅವ್ವ ಕೋಣೆ ಬಿಟ್ಟು ಹೊರಬೀಳುವಂತಿರಲಿಲ್ಲ. ವೀಣ ಮಾತ್ರ ಟ್ಯಾಂಕು ನೋಡಲೇಬೇಕೆಂದು ಹಟ ಹಿಡಿದಳು. ಅಪ್ಪ ಎರಡು ದಿನ ಏನೇನೋ ನೆವ ಹೇಳಿ, ಮೂರನೆಯ ದಿನ ಸೋತರು.

ದೊಡ್ಡ ಬಯಲು. ಬೇವಿನ ಮರಗಳು. ಮರದಡಿಯಲ್ಲಿ, ಬಿಸಿಲಿನಲ್ಲಿ, ಸಾಲು ಸಾಲಾಗಿ ಟ್ಯಾಂಕುಗಳು. ಒಂದೊಂದಕ್ಕೂ ಒಂದು ಸಿಮೆಂಟು ಕಟ್ಟೆ, ಸುತ್ತ ಸುಣ್ಣ ಬಳಿದ ಕಲ್ಲು, ಎದುರಿಗೆ ಬೋರ್ಡು. ಮಣ್ಣು ಬಣ್ಣದವು ಕೆಲವು, ಎಲೆ ಹಸಿರಿನವು ಕೆಲವು. ಜೀಪಿಗೆ ಕಬ್ಬಿಣದ ಅಂಗಿ ತೊಡಿಸಿದಂತಿದ್ದ ಬ್ರಿಟಿಷರ ಕಾಲದ ಗಾಡಿಯೊಂದಿತ್ತು. ಇನ್ನೊಂದು ಎಷ್ಟು ಪುಟ್ಟದೆಂದರೆ ಅದರೊಳಗೆ ಮೂವರು ಕೂತು ಯುದ್ಧ ಮಾಡಿದರೆಂದರೆ ನಂಬಲಾಗಲಿಲ್ಲ. ವೀಣಳಿಗೆ ಮೈ ಜುಂ ಎಂದಿತು.

"ಇದ್ರಲ್ಲಿ ಯಾವ್ದಪ್ಪ ನೀನು ಓಡ್ಸೋದು?"

ಅಪ್ಪ ಬಕೆಟ್ಟು ಕೆಳಗಿಟ್ಟರು. "ಯಾವ್ದೂ ಇಲ್ಲ ಕಣವ್ವ. ಇವು ಓಡೋ ಕಾಲ ಮುಗೀತು. ನಾನು ತೊಳೀತೀನಿ, ತುಕ್ಕು ಕೆರೀತೀನಿ, ಬಣ್ಣ ಒಡೀತೀನಿ. ಸುರುವಿಂದ್ಲೂ ಅಷ್ಟೇಯ." ಎದೆಯಳತೆಯ ಕತೆ, ಬೂಂದಿಯ ಕತೆ ಎಲ್ಲವನ್ನೂ ಅಲ್ಲೇ ನಿಂತು ಹೇಳಿದರು.

ವೀಣಳಿಗೆ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು. ಅಳುವೂ ಬಂತು. ಶಾಲೆಯಲ್ಲಿ ಏನೆಲ್ಲ ಕೊಚ್ಚಿಕೊಂಡಿದ್ದಳೋ ಅದೆಲ್ಲ ಕಣ್ಣ ಮುಂದೆ ಬಂದು ಕಿವಿ ಬಿಸಿಯಾಯಿತು. ಅಪ್ಪ ಅದನ್ನು ಕಂಡೂ ಕಾಣದವರಂತೆ ಒಂದೊಂದೇ ಟ್ಯಾಂಕು ತೋರಿಸುತ್ತ ಹೋದರು. ಗಾಲಿ ಎಣಿಸಲು ಹೇಳಿಕೊಟ್ಟರು. ಜೇನು ಗೂಡು ಕಟ್ಟದಂತೆ ಫಿರಂಗಿ ಬಾಯಿಗೆ ತಾವೇ ಕೆತ್ತಿದ ಮರದ ಬಿರಡೆ ತೋರಿಸಿದರು. ಬಣ್ಣವನ್ನು ಮೇಲಿಂದ ಕೆಳಕ್ಕೇ ಹೊಡೆಯಬೇಕೆಂದರು. ಅವರು ಅಷ್ಟು ಮಾತಾಡಿದ್ದನ್ನು ವೀಣ ಊರಲ್ಲಿ ಯಾವತ್ತೂ ಕೇಳಿರಲಿಲ್ಲ.

ಒಂದು ಟ್ಯಾಂಕಿನ ಪಕ್ಕೆಯಲ್ಲಿ ಅಂಗೈ ಹಿಡಿಸುವಷ್ಟು ತಗ್ಗಿತ್ತು. ಗುಂಡು ಬಿದ್ದ ಜಾಗ. "ಇದ್ಕೆ ಪುಟ್ಟಿ ಮೆತ್ತಿ ನೈಸ್ ಮಾಡು ಅಂತ ಒಬ್ಬ ಸಾಹೇಬ್ರು ಯೇಳಿದ್ರು. ಆಗಕಿಲ್ಲ ಅಂದೆ. ಏಟು ತಿಂದಿರೋದು ಅದು, ಮುಚ್ಚಕೆ ನಾವ್ಯಾರು?" ಅಪ್ಪ ಬೆರಳಗಲದ ಬ್ರಷ್ ತೆಗೆದು ಆ ತಗ್ಗಿನೊಳಗೆ ಬಣ್ಣ ಕೂಡಿಸುವುದನ್ನು ತೋರಿಸಿದರು. ಒಂದು ಗೆರೆಯೂ ತುಂಬಿಹೋಗದ ಹಾಗೆ, ತೆಳ್ಳಗೆ.

ಆಗ ಅಲ್ಲಿಗೆ ಪೇಟ ಸುತ್ತಿದ ಒಬ್ಬರು ಬಂದರು. ಅರವತ್ತರ ಹತ್ತಿರದ ವಯಸ್ಸು, ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಬೋರ್ಡು ಓದಲಿಲ್ಲ. ನೇರ ಟ್ಯಾಂಕಿನ ಪಕ್ಕೆಗೆ ಹೋಗಿ, ಉಳಿದ ಬೆರಳುಗಳನ್ನು ಆ ತಗ್ಗಿನೊಳಗಿಟ್ಟು ನಿಂತುಬಿಟ್ಟರು. ಎಷ್ಟೋ ಹೊತ್ತಾದ ಮೇಲೆ, ಇದನ್ನು ಮುಚ್ಚದೆ ಬಿಟ್ಟವರು ಯಾರು ಎಂದು ಹಿಂದಿಯಲ್ಲಿ ಕೇಳಿದರು. ಅಪ್ಪ ತಪ್ಪು ಮಾಡಿದವರಂತೆ ಕೈ ಎತ್ತಿದರು. ಆ ಮನುಷ್ಯ ಬಣ್ಣ ಹತ್ತಿದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಎದೆಗೆ ಒತ್ತಿಕೊಂಡು ಅತ್ತರು. ಅವರ ಬಿಳಿ ಅಂಗಿಗೆ ಹಸಿರು ಬಣ್ಣವಾಯಿತು. ಅಪ್ಪ ಗಾಬರಿಯಾಗಿ ಸೀಮೆಎಣ್ಣೆ ತರಲು ಓಡಿದರು.

ವೀಣಳ ಸಿಟ್ಟು ಅಲ್ಲಿಗೇ ಇಳಿಯಿತು. ಆದರೂ ಊರಿಗೆ ಬಂದವಳು ಜೂನಿನಲ್ಲಿ 'ನನ್ನ ತಂದೆ ಓಡಿಸಿದ ಟ್ಯಾಂಕು' ಎಂದು ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡಳು. ರಜೆಗೆ ಬಂದ ಅಪ್ಪ ಅದನ್ನು ಓದಿ, ಹಾಳೆ ಮಡಚಿ ವಾಪಸ್ಸು ಕೊಟ್ಟರು. ಸುಳ್ಳಿನಲ್ಲಿ ತನ್ನ ಪಾಲೂ ಇದೆಯೆಂದು ವೀಣಳಿಗೆ ಅವತ್ತಿನಿಂದ ಗೊತ್ತಿತ್ತು.

*

ರಘು ಟ್ರಂಕಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಿದ್ದ.

"ಇವತ್ತೇ ಯೇಳ್ಬೇಕಿತ್ತಾ ಅಕ್ಕ? ಇಷ್ಟು ವರ್ಸ ಬುಟ್ಟು ಇವತ್ತೇ?"

"ಸೆಲ್ಯೂಟ್ ಹೊಡೆಯೋಕೆ ಬಿಡಬೇಡ ಅಂತ ಅಪ್ಪ ಕೇಳ್ಕೊಂಡಿದ್ದಾನೆ ಕಣೋ."

"ಸತ್ತೋನ್ಗೆ ಏನ್ ಗೊತ್ತಾಯ್ತದೆ! ಬದ್ಕಿರೋನು ನಾನು. ಆಗಸ್ಟ್ ಅದಿನೈದು ಬಂದ್ರೆ ನನ್ನ ಇಸ್ಕೂಲಲ್ಲಿ ಮುಂದಕ್ಕೆ ಕರ್ದು ನಿಲ್ಲುಸ್ತಿದ್ರು. ಯೋಧನ ಮಗ ಅಂತ. ಪಿಯುಸಿ ಡುಮ್ಕಿ ಒಡ್ದಾಗ್ಲೂ ಅದ ನೆನ್ಕೊಂಡೇ ತಲೆ ಎತ್ಕಂಡು ತಿರುಗ್ದೆ. ಈಗ ನಾನು ಯಾರ್ ಮಗ ಅಕ್ಕ?"

ಅಷ್ಟರಲ್ಲಿ ಬಾಗಿಲಲ್ಲಿ ದೇವಿರಮ್ಮ ನಿಂತಿದ್ದರು. ತವರಿನವರು ತಂದ ಸೀರೆ ಉಡಲು ಒಳಗೆ ಬಂದಿದ್ದರು. ಮಡಿಕೆ ಬಿಚ್ಚದ ಸೀರೆ ಕೈಯಲ್ಲೇ ಇತ್ತು.

"ಬಣ್ಣ ಒಡೆಯೋನ ಮಗ ಕಣ್ಲಾ," ಎಂದರು ದೇವಿರಮ್ಮ.

ಇಬ್ಬರೂ ಅವ್ವನ ಮುಖ ನೋಡಿದರು.

"ನಂಗೊತ್ತಿಲ್ಲ ಅನ್ಕೊಂಡಿದ್ರಾ? ರಜಕ್ಕೆ ಬಂದಾಗ್ಲೆಲ್ಲ ನಿಮ್ಮಪ್ಪನ ಬಟ್ಟೆ ಒಗ್ದೋಳ್ಯಾರು? ಅಂಗಿ ತೋಳ್ಗೆಲ್ಲ ಬಣ್ಣ. ಬಂದೂಕ ಇಡ್ಯೋನ ಅಂಗಿಗೆ ಬಣ್ಣ ಯಾಕ್ಲಾ ಆದದು? ಅವರೂ ಯೇಳ್ನಿಲ್ಲ, ನಾನೂ ಕೇಳ್ನಿಲ್ಲ. ಸೀಮೆಎಣ್ಣೆ ಹಾಕಿ ಉಜ್ಜಿ ಒಗ್ದೆ." ದೇವಿರಮ್ಮ ಸೀರೆಯನ್ನು ಮಂಚದ ಮೇಲಿಟ್ಟರು. "ತಲೆ ಎತ್ಕಂಡು ತಿರುಗಿದ್ದು ನೀನು. ಅವರು ಒಂದಿವ್ಸಾನೂ ಎತ್ತುನಿಲ್ಲ. ಇವತ್ತಾದ್ರೂ ಅವರ್ನ ಅವರಾಗೇ ಕಳ್ಸಿ. ಓಗವ್ವ, ಯೇಳೋಗು."

ಹೊರಗೆ ಜೀಪು ನಿಂತ ಸದ್ದಾಯಿತು.

ಕೆಂಪಸಿದ್ದಯ್ಯ ರಿಟೈರ್ಡ್ ಸುಬೇದಾರ್. ಎಪ್ಪತ್ತೆರಡಾದರೂ ಬೆನ್ನು ನೆಟ್ಟಗಿತ್ತು. ನೀಲಿ ಕೋಟು, ಕೋಟಿನ ಮೇಲೆ ಪದಕ, ತಲೆಗೆ ಟೋಪಿ. ಜೊತೆಗೆ ಅದೇ ಉಡುಪಿನ ಮೂವರು. ಒಬ್ಬರ ಕೈಯಲ್ಲಿ ಹೂವಿನ ಚಕ್ರ. ಜನ ದಾರಿ ಬಿಟ್ಟರು. ನಾಲ್ವರೂ ಜಗುಲಿಯ ಎದುರು ಸಾಲಾಗಿ ನಿಂತರು. ತಮಟೆಯವರು ನಿಲ್ಲಿಸಿದರು. ಅಪ್ಪು ಮೊಬೈಲು ಎತ್ತಿ ಹಿಡಿದು ವಿಡಿಯೋಗೆ ಸಿದ್ಧನಾದ.

"ನಂಬರ್ ಸಿಕ್ತೇನಮ್ಮ?" ಎಂದರು ಕೆಂಪಸಿದ್ದಯ್ಯ.

"ನಂಬರ್ ಇಲ್ಲ ಸರ್." ವೀಣ ಜಗುಲಿಯ ಅಂಚಿಗೆ ಬಂದಳು. ಶಾಲೆಯಲ್ಲಿ ಕೊನೆಯ ಬೆಂಚಿಗೂ ಕೇಳಲೆಂದು ತೆಗೆಯುವ ದನಿ ತೆಗೆದಳು. "ನಮ್ಮಪ್ಪ ಸೈನಿಕರಲ್ಲ. ಸೈನ್ಯಕ್ಕೆ ಸೇರಕ್ಕೆ ಹೋಗಿದ್ರು, ತಗೊಳ್ಳಲಿಲ್ಲ. ಹಳೇ ಟ್ಯಾಂಕುಗಳ ಮ್ಯೂಸಿಯಮ್ಮಲ್ಲಿ ಪೇಂಟರ್ ಆಗಿದ್ರು. ತೊಳೆದು, ತುಕ್ಕು ಕೆರೆದು ಬಣ್ಣ ಹೊಡೀತಿದ್ರು. ಸೆಲ್ಯೂಟ್ ಬೇಡ ಅಂತ ನನ್ನತ್ರ ಮಾತು ತಗೊಂಡಿದ್ದಾರೆ."

ಹಿಂದೆ ಯಾರೋ ಕಿಸಕ್ಕೆಂದರು. "ಅಯ್ಯೋ, ಬಣ್ಣ ಒಡ್ಯೋನಾ!" ಎಂದರು ಇನ್ನೊಬ್ಬರು.

"ಅಕ್ಕಾ, ಫ್ಲೆಕ್ಸ್ ಬೇರೆ ಕಟ್ಬುಟ್ಟಿವ್ನಲ್ಲಕ್ಕ!" ಎಂದ ಅಪ್ಪು, ಅಳುವ ದನಿಯಲ್ಲಿ.

ಕೆಂಪಸಿದ್ದಯ್ಯನ ಮುಖ ಕೆಂಪಾಗಿತ್ತು. "ಎಷ್ಟು ವರ್ಸ ಬಾವುಟದ ಮುಂದೆ ಇವನ ಜೊತೆ ನಿಂತಿವ್ನಿ ನಾನು! ಸುಳ್ಳು ಯೇಳ್ಕಂಡು ನಿಂತಿದ್ನಾ?"

"ಸುಳ್ಳು ಹೇಳಲಿಲ್ಲ ಸರ್. ನಿಜಾನೂ ಹೇಳಲಿಲ್ಲ. ಹೇಳಿದ್ದು ನಾವು."

ಅವರು ವೀಣಳನ್ನೇ ದಿಟ್ಟಿಸಿದರು. ಆಮೇಲೆ ಜಗುಲಿಯ ಮೇಲಿದ್ದವರನ್ನು ನೋಡಿದರು. "ಏಟು ಬಿದ್ದ ಗಾಡಿಗಳು ಇರ್ತವಲ್ಲ ಅಲ್ಲಿ? ಅವಕ್ಕೆ ಏನ್ ಮಾಡ್ತಿದ್ದ? ನೈಸ್ ಮಾಡಿ ಬಣ್ಣ ಒಡ್ದು ಮದ್ವೆ ಗಾಡಿ ಮಾಡಿ ನಿಲ್ಲುಸ್ತಿದ್ನಾ?"

"ಇಲ್ಲ. ಮುಚ್ಚು ಅಂತ ಸಾಹೇಬರು ಹೇಳಿದ್ರೂ ಮುಚ್ಚಲಿಲ್ಲ. ಏಟು ತಿಂದಿರೋದು ಅದು, ನಾವ್ಯಾರು ಅಂದ್ರಂತೆ."

ಚಪ್ಪರದಡಿಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಸಾವಿನ ಮನೆಯಲ್ಲಿ ಅಷ್ಟು ಹೊತ್ತು ಅಳು ನಿಂತದ್ದು ಯಾರಿಗೂ ಸರಿ ಕಾಣಲಿಲ್ಲ. ಎಲ್ಲರಿಗಿಂತ ಮೊದಲು ಅದು ತಾಳಲಾರದೆ ಹೋದದ್ದು ಪಟ್ಟಲಮ್ಮನಿಗೆ. ಅಣ್ಣನ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು, ಹಿಂದೆ ಮುಂದೆ ತೂಗುತ್ತ, ಮೊದಲು ಸಣ್ಣಗೆ ಶುರು ಮಾಡಿದಳು.

"ತುಕ್ಕು ಕೆರೆದ ನನ್ನಣ್ಣಯ್ಯ, ಬಣ್ಣ ಒಡೆದ ಕೈಯೋನೇ, ಊರ ಟ್ಯಾಂಕಿಗೆಲ್ಲ ಬಣ್ಣ ಒಡ್ದು, ನನ್ ಮನೆ ಬಾಗ್ಲಿಗೆ ಒಂದ್ಕಿತ ಒಡೀದೆ ಓದ್ಯಲ್ಲೋ..."

"ಅದೂ ನಿಜವೇ," ಎಂದರು ದೇವಿರಮ್ಮ, ಹೊಸ ಸೀರೆಯುಟ್ಟು ಹೊರಗೆ ಬಂದವರು. ಇಬ್ಬರು ಹೆಂಗಸರಿಗೆ ಅಳುವಿನ ನಡುವೆಯೇ ನಗು ಬಂತು. ನಗುತ್ತಲೇ ಅವರೂ ದನಿ ಸೇರಿಸಿದರು. ತಮಟೆ ಮತ್ತೆ ಶುರುವಾಯಿತು.

ಕೆಂಪಸಿದ್ದಯ್ಯ ಹೂವಿನ ಚಕ್ರವನ್ನು ತಾವೇ ತೆಗೆದುಕೊಂಡು ಪುಟ್ಟಸ್ವಾಮಿಯವರ ಕಾಲ ಬಳಿ ಇಟ್ಟರು. "ಸೆಲ್ಯೂಟ್ ಒಡ್ಯಕಾಗಕಿಲ್ಲ ಕಣಮ್ಮ. ರೂಲ್ಸು ರೂಲ್ಸೇ," ಎಂದರು.

"ಬೇಡ ಸರ್."

"ಎಗಲು ಕೊಡಕೆ ರೂಲ್ಸೇನಿಲ್ವಲ್ಲ?"

ಅವರು ಕೋಟು ಬಿಚ್ಚಿ ಪದಕಗಳ ಸಮೇತ ಪಕ್ಕದವರ ಕೈಗೆ ಕೊಟ್ಟು, ಬಿಳಿ ಅಂಗಿಯ ತೋಳು ಮಡಚಿದರು. ಚಟ್ಟ ಎತ್ತುವ ಹೊತ್ತಾದಾಗ ಬಲಗಡೆಯ ಮುಂದಿನ ತುದಿಗೆ ಹೋಗಿ ನಿಂತರು. ಎಡಗಡೆಗೆ ಬರಬೇಕಾದವನು ರಘು. ಅವನು ಇನ್ನೂ ಒಳಗೇ ಇದ್ದ. ಎಲ್ಲರೂ ಕಾದರು. ಸ್ವಲ್ಪ ಹೊತ್ತಿಗೆ ರಘು ತಲೆಗೆ ವಲ್ಲಿ ಸುತ್ತಿಕೊಂಡು ಹೊರಗೆ ಬಂದ. ಯಾರ ಮುಖವನ್ನೂ ನೋಡಲಿಲ್ಲ. ಬಗ್ಗಿ ಹೆಗಲು ಕೊಟ್ಟ.

*

ದಾಸಯ್ಯ ಶಂಖ ಊದುತ್ತ ಜಾಗಟೆ ಬಡಿಯುತ್ತ ಮುಂದೆ ನಡೆದ. ಮಣ್ಣು ಮಾಡಬೇಕಾಗಿದ್ದ ಪುಟ್ಟಸ್ವಾಮಿಯವರ ಗದ್ದೆ ನಾಲೆಯ ಆಚೆಗಿತ್ತು. ಹೆಂಗಸರು ನಾಲೆಯ ಏರಿಯವರೆಗೆ ಬಂದು, ಪದ್ಧತಿಯಂತೆ ಅಲ್ಲೇ ನಿಂತರು. ಗಂಡಸರು ಸೇತುವೆ ದಾಟಿ ಹೋದರು. ಭತ್ತದ ಹಸಿರಿನ ಆಚೆ, ತೆಗೆದ ಗುಂಡಿಯ ಸುತ್ತ ಜನ ಸೇರುವುದು, ಚಟ್ಟ ಇಳಿಯುವುದು, ಒಬ್ಬೊಬ್ಬರೇ ಬಗ್ಗಿ ಮಣ್ಣು ಹಾಕುವುದು ಏರಿಯ ಮೇಲಿಂದ ಕಾಣುತ್ತಿತ್ತು. ಎಲ್ಲರೂ ಮುಗಿಸಿ ಪಕ್ಕಕ್ಕೆ ಸರಿದ ಮೇಲೂ ಒಬ್ಬ ಮಾತ್ರ ಮಂಡಿಯೂರಿ, ಗುದ್ದಲಿ ಬೇಡವೆಂದು, ಎರಡೂ ಕೈಯಲ್ಲಿ ಮಣ್ಣು ಎಳೆದು ಗುಡ್ಡೆಯನ್ನು ಸರಿಮಾಡುತ್ತಿದ್ದ. ವೀಣ ಅವನನ್ನೇ ನೋಡುತ್ತ ನಿಂತಳು.

ವಾಪಸ್ಸು ಬಂದವರು ನಾಲೆಗೆ ಇಳಿದು ಕೈಕಾಲು ತೊಳೆದುಕೊಳ್ಳತೊಡಗಿದರು. ಕೆಂಪಸಿದ್ದಯ್ಯನ ಅಂಗಿಯ ಹೆಗಲು ಮಾಸಿತ್ತು. ಮುಖಕ್ಕೆ ನೀರು ಹಾಕಿಕೊಂಡು ವೀಣಳ ಕಡೆ ತಿರುಗಿದರು.

"ಆ ಮ್ಯೂಸಿಯಮ್ಮು ಇನ್ನೂ ಅದೇನಮ್ಮ?"

"ಇದೆ ಸರ್. ಟಿಕೆಟ್ ತಗೊಂಡು ಯಾರು ಬೇಕಾದ್ರೂ ನೋಡಬಹುದು."

"ಸಂಘದ ಕಡೆಯಿಂದ ಒಂದು ಬಸ್ಸು ಮಾಡ್ಕಂಡು ಓಗ್ಬೇಕು. ಏಟು ತಿಂದ ಗಾಡಿಗಳೆಲ್ಲ ಗುಜರಿಗೇ ಓದ್ವು ಅಂತಿದ್ದೆ ನಾನು."

"ಸಂಘದೋರೇ ಯಾಕೆ, ನಾವೂ ಬತ್ತೀವಿ," ಎಂದ ಅಪ್ಪು. "ಬಸ್ಸಲ್ಲಿ ಎಷ್ಟು ಸೀಟದೆ?" ಅವನು ಆಗಲೇ ಅಲ್ಲಿದ್ದವರ ತಲೆ ಎಣಿಸತೊಡಗಿದ್ದ. ನಾನೂ ಬರುತ್ತೇನೆ ಎಂದು ಏರಿಯ ಮೇಲಿಂದ ಪಟ್ಟಲಮ್ಮ ಕೂಗಿದಳು. ಮಾತಾಡಿಕೊಳ್ಳುತ್ತ ಜನ ಊರ ಕಡೆ ಹೊರಟರು.

ರಘು ಎಲ್ಲರಿಗಿಂತ ಹಿಂದೆ ಬಂದ. ನಾಲೆಯ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು ಕೈ ನೀರಿಗಿಟ್ಟ. ಮೊಣಕೈಯವರೆಗೂ ಮಣ್ಣಾಗಿತ್ತು. ವೀಣ ಇಳಿದು ಬಂದು ಅವನಿಗಿಂತ ಒಂದು ಮೆಟ್ಟಿಲು ಮೇಲೆ ಕೂತಳು. ಒಳಗಿನ ಕೋಣೆಯಲ್ಲಿ ಆಡಿದ ಮಾತಿನ ಮೇಲೆ ಅವನು ಅವಳ ಹತ್ತಿರ ಮಾತಾಡಿರಲಿಲ್ಲ. ಈಗಲೂ ಆಡದಿದ್ದರೆ ಅದನ್ನು ಒಪ್ಪಿಕೊಳ್ಳಬೇಕೆಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

"ಅಕ್ಕ," ಎಂದ ರಘು ನೀರನ್ನೇ ನೋಡುತ್ತ. "ಅಪ್ಪ ಒಡೆದ ಬಣ್ಣ ಇನ್ನೂ ಇದ್ದದಾ ಅಲ್ಲಿ?"

"ರಿಟೈರ್ ಆಗಿ ಹದಿಮೂರು ವರ್ಷ ಆಯ್ತಲ್ಲೋ. ಎರಡು ವರ್ಷಕ್ಕೊಂದ್ಸಲ ಹೊಸದು ಹೊಡೀತಾರೆ."

"ಅಳೇದ ಕೆರ್ದು ಹಾಕ್ಬುಡ್ತಾರಾ?"

"ಇಲ್ಲ. ತುಕ್ಕು ಹಿಡಿದಿರೋದನ್ನ ಮಾತ್ರ ಕೆರೀತಾರೆ. ಮಿಕ್ಕಿದ್ದಕ್ಕೆ ಅದರ ಮೇಲೇ ಹೊಡೀತಾರೆ."

"ಅಂಗಾರೆ ಅಡೀಲಿ ಅದೆ."

"ಅಡೀಲಿ ಇದೆ."

ಉಗುರಿನ ಸಂದಿಯ ಮಣ್ಣನ್ನು ಹೆಬ್ಬೆರಳಲ್ಲಿ ಉಜ್ಜಿ ತೆಗೆಯುತ್ತಿದ್ದ ರಘುವಿನ ಕೈ ಅಲ್ಲಿಗೇ ನಿಂತಿತು. ಉಳಿದದ್ದನ್ನು ಹಾಗೆಯೇ ಬಿಟ್ಟು, ನೀರಿನಿಂದ ಕೈ ತೆಗೆದು, ಪಂಚೆಗೆ ಒರೆಸಿಕೊಂಡ.